ಶುಭ ಶುಕ್ರವಾರದ ಒಗೆತ

ಪಾಸ್ಟರು ಶಿಲುಬೆಯ ಮೇಲಿನ ಮಾತುಗಳನ್ನು ಒಂದೊಂದಾಗಿ ಬಿಡಿಸಿ ಹೇಳುತ್ತಿದ್ದರು. ಯೆಟ್ಟಾ ಗೋಡೆ ನೋಡುತ್ತ ಕೂತಿದ್ದಳು. ಹುಟ್ಟಿದಾಗಿನಿಂದ ನೋಡಿದ ಗೋಡೆ. ಬಲಿಪೀಠದ ಕಡೆಗೆ ತೆರೆದುಕೊಳ್ಳಬೇಕಾದ ದೊಡ್ಡ ಕಮಾನಿಗೆ ಅಡಿಯಿಂದ ತುದಿಯವರೆಗೆ ಇಟ್ಟಿಗೆ ತುಂಬಿ ಸುಣ್ಣ ಬಳಿದಿದ್ದರು. ಗೋಡೆಯ ಈಚೆ ಇವರು, ಪ್ರಾಟೆಸ್ಟೆಂಟರು. ಆಚೆ ಅವರು, ಕ್ಯಾಥೊಲಿಕರು. ಇನ್ನೂರೈವತ್ತು ವರ್ಷದ ಹಿಂದೆ ಫ್ರೆಂಚರ ದಂಡು ಬಂದು ಊರು ಸುಟ್ಟಿತಂತೆ, ಬೂದಿ ಆರುವ ಮೊದಲೇ ಬೇರೆ ಮತದ ದೊರೆ ಪಟ್ಟಕ್ಕೆ ಬಂದನಂತೆ, ಇರುವ ಒಂದು ಚರ್ಚಿಗಾಗಿ ಎರಡೂ ಕಡೆಯವರು ಬಡಿದಾಡಿ ಸುಸ್ತಾದ ಮೇಲೆ ಒಬ್ಬ ಗಾರೆಯವನನ್ನು ಕರೆಸಿ, ಅಣ್ಣತಮ್ಮಂದಿರು ಹೊಲ ಪಾಲು ಮಾಡಿಕೊಂಡ ಹಾಗೆ ದೇವರ ಮನೆಯನ್ನು ಪಾಲು ಮಾಡಿಕೊಂಡರಂತೆ. ಅವರಿಗೆ ಬಲಿಪೀಠ, ಇವರಿಗೆ ಉದ್ದನೆಯ ಹಜಾರ. ಗೋಪುರ ಒಂದೇ, ಅದನ್ನು ಸೀಳಲು ಆಗದೆ ಗಂಟೆಗಳನ್ನು ಹಂಚಿಕೊಂಡರು. ಅಪ್ಪ ಈ ಕಥೆ ಹೇಳುವಾಗ ನಿನ್ನೆ ಸಂಜೆ ನಡೆದಂತೆ ಹೇಳುತ್ತಿದ್ದ, ಆ ಗಾರೆಯವನ ಮುಖ ತಾನೇ ನೋಡಿದಂತೆ. ಯೆಟ್ಟಾಳೂ ತಂಗಿ ಲುಯಿಸಾಳೂ ಚಿಕ್ಕವರಿದ್ದಾಗ ಆರಾಧನೆಯ ಮಧ್ಯೆ ಗೋಡೆಗೆ ಕಿವಿ ಹಚ್ಚಿದ್ದುಂಟು. ಆಚೆ ಒಂದು ಪುಟ್ಟ ಗಂಟೆ ಕಿಣಿಕಿಣಿ ಎನ್ನುತ್ತಿತ್ತು, ಯಾರೋ ಅರ್ಥವಾಗದ ಭಾಷೆಯಲ್ಲಿ ಗೊಣಗುತ್ತಿದ್ದರು. ಲುಯಿಸಾ ಕಿಸಕ್ಕೆಂದು ನಕ್ಕಿದ್ದಳು. ಅಪ್ಪ ಚಿವುಟಿದ್ದು ಮಾತ್ರ ಯೆಟ್ಟಾಳ ತೊಡೆಗೆ. ನಗಿಸಿದವಳು ದೊಡ್ಡವಳೇ ಆಗಿರಬೇಕು ಎಂಬುದು ಅವನ ನ್ಯಾಯ.

ಈಗ ಅವಳ ಪಕ್ಕದ ಜಾಗ ಖಾಲಿ. ಗ್ರಾಫ್ ಮನೆತನದ ಬೆಂಚಿನಲ್ಲಿ ಅದು ಲುಯಿಸಾಳ ಜಾಗವಾಗಿತ್ತು. ಲುಯಿಸಾ ಓಣಿ ದಾಟಿ ಎದುರು ಮನೆಯ ವೆಂಡೆಲಿನ್‌ನನ್ನು ಮದುವೆಯಾಗಿ ಗೋಡೆಯ ಆಚೆಗೆ ಹೋದ ಮೇಲಿನ ಮೊದಲ ಭಾನುವಾರ ಅಪ್ಪ ತನ್ನ ಕರಿ ಟೊಪ್ಪಿ ತೆಗೆದು ಆ ಜಾಗದಲ್ಲಿ ಇಟ್ಟ. ಸಾಯುವವರೆಗೂ ಪ್ರತಿ ಭಾನುವಾರ ಅಲ್ಲೇ ಇಟ್ಟ. ಒಂದು ಟೊಪ್ಪಿಗೆ ಜಾಗ ಬಿಟ್ಟು ಯೆಟ್ಟಾ ಗೋಡೆಯ ಮೂಲೆಗೆ ಒತ್ತಿಕೊಂಡು ಕೂತಳು. ಅಪ್ಪ ಹೋಗಿ ಐದು ವರ್ಷವಾದರೂ ಈಗ ಅವಳೇ ಅಲ್ಲಿ ತನ್ನ ಕೈಚೀಲ ಇಡುತ್ತಾಳೆ. ಯಾರು ಹೇಳಿದರು ಇಡು ಅಂತ? ಯಾರೂ ಹೇಳಲಿಲ್ಲ. ಅವಳು ಚೀಲವನ್ನು ಎತ್ತಿ ಮಡಿಲಿಗೆ ಇಟ್ಟುಕೊಂಡಳು. ಎದುರು ಸಾಲಿನಲ್ಲಿದ್ದ ಬಾಬೆಟ್, ಸಭೆಯ ಹಿರಿಯನ ಹೆಂಡತಿ, ಕಾರಣವಿಲ್ಲದೆ ತಿರುಗಿ ನೋಡಿದಳು. ಈ ಊರಿನಲ್ಲಿ ಚೀಲ ಒಂದು ಮೊಳ ಸರಿದರೂ ಬಾಬೆಟ್ಟಿಗೆ ತಿಳಿಯುತ್ತದೆ.

ಯೆಟ್ಟಾ ಒಂದು ತೀರ್ಮಾನಕ್ಕೆ ಬಂದು ಚಳಿಗಾಲ ಪೂರ್ತಿ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದಳು. ವೆಂಡೆಲಿನ್‌ನ ತಾಯಿ ಮುದುಕಿ ವಾಲ್ಬುರ್ಗಾ ನವೆಂಬರಿನಲ್ಲಿ ಸತ್ತಿದ್ದಳು. ವರ್ಷ ವರ್ಷವೂ ಶುಭ ಶುಕ್ರವಾರದ ದಿನ ಎದುರಿನ ಅಂಗಳದಲ್ಲಿ ಬಟ್ಟೆ ಹರವುತ್ತಿದ್ದವಳು ಅವಳು. ಇವರಿಗೆ ವರ್ಷದಲ್ಲಿ ಅದೇ ದೊಡ್ಡ ದಿನ. ಆ ಒಂದು ದಿನ ಇವರ ಮನೆಗಳಲ್ಲಿ ಪೊರಕೆ ಕೂಡ ಮೂಲೆ ಬಿಟ್ಟು ಏಳುವುದಿಲ್ಲ. ಅದಕ್ಕೇ ಅವರು ಆ ದಿನವೇ ನೋಡಿ ಕಂಬಳಿ ಕೊಡವುತ್ತಾರೆ, ಜಮಖಾನೆ ಬಡಿಯುತ್ತಾರೆ, ಮನೆಯ ಒಳಬಟ್ಟೆಗಳನ್ನೆಲ್ಲ ತೊಳೆದು ಓಣಿಗೆ ಮುಖ ಮಾಡಿ ತೂಗಹಾಕುತ್ತಾರೆ. ಅದಕ್ಕೆ ಇವರ ಉತ್ತರ ಜೂನ್‌ನಲ್ಲಿ, ಪರಮಪ್ರಸಾದದ ಹಬ್ಬದ ದಿನ. ಅವರ ಪಾದ್ರಿ ಬಂಗಾರದ ಪಾತ್ರೆ ಎತ್ತಿಕೊಂಡು ಮೆರವಣಿಗೆ ಹೊರಟಾಗ ಇವರ ಗೊಬ್ಬರದ ಗಾಡಿಗಳೆಲ್ಲ ಅದೇ ದಾರಿಯಲ್ಲಿ ಹೊರಡುತ್ತವೆ. ಯಾರು ಮೊದಲು ಶುರು ಮಾಡಿದ್ದು ಎಂದು ಕೇಳಿದರೆ ಎರಡು ಕಡೆಯವರದೂ ಒಂದೇ ಉತ್ತರ: ಅವರು. ಮುದುಕಿ ಹೋದಳಲ್ಲ, ಈ ಸಲ ಎದುರಿನ ತಂತಿ ಖಾಲಿ ಇದ್ದರೆ ನಾನು ಓಣಿ ದಾಟುತ್ತೇನೆ. ಯೆಟ್ಟಾ ಹಾಗಂದುಕೊಂಡಿದ್ದಳು. ಪ್ಲಮ್ ಹಣ್ಣಿನ ಪಾಕದ ಒಂದು ಜಾಡಿ ಅಡಿಗೆಮನೆಯ ಕಿಟಕಿಯಲ್ಲಿ ತಯಾರಿತ್ತು. ಅಮ್ಮ ಅಂಗಳದಲ್ಲಿ ತಾಮ್ರದ ಕಡಾಯಿ ಇಟ್ಟು ದಿನವಿಡೀ ತಿರುವುತ್ತಿದ್ದಾಗ ಮರದ ಹುಟ್ಟು ನೆಕ್ಕಲು ಜಗಳವಾಡುತ್ತಿದ್ದವಳು ಲುಯಿಸಾ. ಆಡಬೇಕಾದ ಮಾತೂ ತಯಾರಿತ್ತು: "ತಗೋ, ಈ ವರ್ಷ ಜಾಸ್ತಿ ಆಯ್ತು." ಅಷ್ಟೇ. ಅದಕ್ಕಿಂತ ಉದ್ದದ ಮಾತು ಅವಳಿಂದಾಗದು. ಇಪ್ಪತ್ತು ವರ್ಷ ಮಾತಾಡದೆ ಎದುರು ಬದುರು ಬದುಕಿದ ಮೇಲೆ ಅಷ್ಟು ಮಾತನ್ನೂ ದಿನಾ ಬಾಯಿಪಾಠ ಮಾಡಬೇಕಾಗಿತ್ತು.

ರೊಟ್ಟಿ, ದ್ರಾಕ್ಷಾರಸ ಮುಗಿದು ಇವರ ಗಂಟೆ ಬಾರಿಸಿತು. ಅವರ ಗಂಟೆಗಳು ನಿನ್ನೆಯಿಂದ ಮೂಕ. ಈಸ್ಟರ್‌ವರೆಗೂ ಅವರದು ಹಾಗೇ. ಗಂಟೆಗಳೆಲ್ಲ ರೋಮಿಗೆ ಹಾರಿಹೋಗಿವೆ ಎಂದು ತಮ್ಮ ಮಕ್ಕಳಿಗೆ ಹೇಳುತ್ತಾರೆ. ಅಲ್ಲಿಯವರೆಗೆ ಗಂಟೆಯ ಬದಲು ಕಟಕಟ ಎನ್ನುವ ಮರದ ಗಿರಗಟೆ ತಿರುಗಿಸಿಕೊಂಡು ಬೀದಿ ಸುತ್ತುತ್ತಾರೆ. ಇವರ ಗಂಟೆಯವನು ಬೇಕೆಂದೇ ಎರಡು ಪಟ್ಟು ಹೊತ್ತು ಬಾರಿಸಿದ. ಹೊರಗೆ ಬಂದವರೆಲ್ಲ ಗಂಭೀರವಾಗಿ ನಿಂತು ಕೇಳಿಸಿಕೊಂಡರು. ಅದರಲ್ಲಿ ಭಕ್ತಿ ಎಷ್ಟು, ಅವರಿಗೆ ಉರಿಯಲಿ ಎಂಬುದು ಎಷ್ಟು, ದೇವರಿಗೂ ಗೊತ್ತಿರಲಾರದು ಎಂದುಕೊಂಡಳು ಯೆಟ್ಟಾ. ಆದರೂ ಅವಳಿಗೆ ಇವತ್ತು ಎಲ್ಲರ ಮೇಲೂ ಸ್ವಲ್ಪ ಮಮತೆ ಇತ್ತು. ಬಾಬೆಟ್ "ಮುಖ ಕಳೆಗಟ್ಟಿದೆ, ಏನು ವಿಶೇಷ?" ಎಂದಾಗ "ಬಿಸಿಲು" ಎಂದು ನಗಾಡಿದಳು. ಬೆಟ್ಟದ ಇಳಿಜಾರಿನಲ್ಲಿ ದ್ರಾಕ್ಷಿ ಬಳ್ಳಿಗಳು ಇನ್ನೂ ಕಪ್ಪಗೆ ಕಡ್ಡಿಯಾಗಿದ್ದವು, ಬಾದಾಮಿ ಮರ ಮಾತ್ರ ಮೈತುಂಬ ಅರಳಿತ್ತು. ಕರಿ ಉಡುಪಿನ ಜನ ಎರಡೆರಡಾಗಿ ಇಳಿದು ಹೋಗುತ್ತಿದ್ದರು. ಅವಳು ಬೇಕೆಂದೇ ನಿಧಾನವಾಗಿ ನಡೆದಳು. ಓಣಿಯ ತಿರುವು ಬರುವವರೆಗೂ ತಲೆ ಎತ್ತಬಾರದು ಎಂದು ತನಗೆ ತಾನೇ ಹೇಳಿಕೊಂಡಳು.

ತಲೆ ಎತ್ತಿದಾಗ ಮೂರು ಬಿಳಿ ಹಾಸುಬಟ್ಟೆಗಳು ಕಂಡವು. ಗಾಳಿಗೆ ಉಬ್ಬಿಕೊಂಡು, ಓಣಿಗೆ ಮುಖ ಮಾಡಿಕೊಂಡು, ಅಗಲವಾಗಿ. ಅವುಗಳ ಕೆಳಗೆ ಲುಯಿಸಾಳ ಕಾಲುಗಳು ಕಾಣುತ್ತಿದ್ದವು. ಮುದುಕಿಯಲ್ಲ, ಆಳಲ್ಲ, ಲುಯಿಸಾಳೇ. ಕೊನೆಯ ಚಿಮುಟ ಸಿಕ್ಕಿಸಿ, ಬುಟ್ಟಿ ಸೊಂಟಕ್ಕೆ ಏರಿಸಿಕೊಂಡು, ತಿರುಗಿ ನೋಡದೆ ಅವಳು ಒಳಗೆ ಹೋದಳು. ಯೆಟ್ಟಾ ಓಣಿಯ ನಡುವೆ ನಿಂತುಬಿಟ್ಟಳು. ಅವಳ ಹಿಂದೆ ಬರುತ್ತಿದ್ದ ಯಾರೋ "ನೋಡಿದ್ರಾ, ಅತ್ತೆ ಸತ್ರೂ ಸೊಸೆ ಪದ್ಧತಿ ಬಿಟ್ಟಿಲ್ಲ" ಎಂದರು. ಇನ್ನೊಬ್ಬರು "ನಮ್ಮ ಮನೇಲಿ ಹುಟ್ಟಿದವಳು ಬೇರೆ, ಥೂ" ಎಂದರು. ಆಮೇಲೆ ಅವಳನ್ನು ಗಮನಿಸಿ ಸುಮ್ಮನಾದರು, ಕನಿಕರದಿಂದ. ಆ ಕನಿಕರವೇ ಅವಳನ್ನು ಮೊದಲು ಸುಟ್ಟಿದ್ದು.

ಅಡಿಗೆಮನೆಯಲ್ಲಿ ಟೊಪ್ಪಿ ತೆಗೆಯದೆ ನಿಂತಳು. ಕಿಟಕಿಯಲ್ಲಿ ಜಾಡಿ, ಜಾಡಿಯ ಆಚೆ ಹಾಸುಬಟ್ಟೆ. ಎಂಥ ಮೂರ್ಖಳು ನಾನು, ಚಳಿಗಾಲ ಪೂರ್ತಿ ಒಂದು ವಾಕ್ಯ ಬಾಯಿಪಾಠ ಮಾಡಿದೆ! ಮುದುಕಿಯದು ಬಿಡು, ಅವಳು ಹುಟ್ಟಾ ಅವರವಳು, ಅವಳಿಗೆ ಈ ದಿನ ಏನೆಂದು ಗೊತ್ತಿರಲಿಲ್ಲ. ಇವಳಿಗೆ ಗೊತ್ತಿಲ್ಲವೇ? ಇದೇ ಅಡಿಗೆಮನೆಯಲ್ಲಿ ಇದೇ ಮೇಜಿನ ಎದುರು ಶುಭ ಶುಕ್ರವಾರ ಮಧ್ಯಾಹ್ನ ಕೈ ಕಟ್ಟಿ ಕೂತಿದ್ದವಳಲ್ಲವೇ? ಅಮ್ಮ ಸತ್ತ ವರ್ಷ, ಒಲೆಗೆ ಕಟ್ಟಿಗೆ ಒಡೆಯುವುದಕ್ಕೂ ಅಪ್ಪ ಬಿಡದಿದ್ದಾಗ, ಇಬ್ಬರೂ ಒಂದೇ ಶಾಲು ಹೊದ್ದು ಕೂತಿದ್ದು ಮರೆತಳೇ? ಹೋಗುವಾಗ ಹೋದಳು. ಪ್ರೀತಿ ಮಾಡಿದೆ, ಹೋಗ್ತೀನಿ ಎಂದು ಹೋದಳು. ಅಪ್ಪನನ್ನು ಯಾರಿಗೆ ಬಿಟ್ಟು ಹೋದಳು? ನನಗೆ. ಅವನ ಕೆಮ್ಮನ್ನು, ಅವನ ಟೊಪ್ಪಿಯನ್ನು, ಊಟದ ಮೇಜಿನಲ್ಲಿ ಅವನ ಮೌನವನ್ನು. ಆ ಹೆಸರು ಈ ಮನೆಯಲ್ಲಿ ಕೇಳಬಾರದು ಎಂದ ಅಪ್ಪ. ಕೇಳಲಿಲ್ಲ. ಆದರೆ ಸೌಟು ಇಡುವ ಸದ್ದಿನಲ್ಲಿ, ಬಾಗಿಲು ಹಾಕುವ ರಭಸದಲ್ಲಿ ಅದೇ ಹೆಸರು ದಿನವೂ ಕೇಳುತ್ತಿತ್ತು. ಅವಳು ಓಣಿಯ ಆಚೆ ಮಗು ಹೆತ್ತಳು, ಗಂಡನನ್ನು ಯುದ್ಧಕ್ಕೆ ಕಳಿಸಿದಳು, ರಷ್ಯದಿಂದ ಎದೆರೋಗ ಹೊತ್ತು ಬಂದವನನ್ನು ಬದುಕಿಸಿಕೊಂಡಳು, ಏನೆಲ್ಲ ಬದುಕಿದಳು. ನಾನು ಕಿಟಕಿಯಲ್ಲಿ ನಿಂತು ಇನ್ನೊಬ್ಬರ ಬದುಕು ನೋಡಿದೆ, ಅದೂ ಪರದೆಯ ಸಂದಿಯಿಂದ.

ಯುದ್ಧ ಮುಗಿದು ಮೂರು ವರ್ಷವಾದಾಗಿನ ಆ ಜೂನ್ ತಿಂಗಳು ಅವಳ ಮುಂದೆ ಬಂದು ನಿಂತಿತು. ಅಪ್ಪನ ಸೊಂಟ ಹಿಡಿದುಕೊಂಡಿತ್ತು. ಗಾಡಿ ಅವಳೇ ಹೊಡೆಯಬೇಕೆಂದ. ಬೇಡ ಎಂದಳೇ? ಇಲ್ಲ. ಎತ್ತಿನ ಹಗ್ಗ ಹಿಡಿದು, ಗೊಬ್ಬರದ ರೊಚ್ಚು ತುಂಬಿದ ಪೀಪಾಯಿಯ ಮುಂದೆ ನಡೆದಳು. ಚರ್ಚಿನ ಕೆಳಗಿನ ತಿರುವಿನಲ್ಲಿ ಮೆರವಣಿಗೆ ಎದುರಾಯಿತು. ಹೂ ಹಾಸಿದ ದಾರಿ, ಧೂಪದ ಹೊಗೆ, ಬಿಳಿ ಲಂಗ ತೊಟ್ಟ ಹುಡುಗಿಯರ ಸಾಲು. ಅದರಲ್ಲಿ ಲುಯಿಸಾಳ ಅಗ್ನೆಸ್, ಆ ವರ್ಷವಷ್ಟೇ ಮೊದಲ ಪರಮಪ್ರಸಾದ ತೆಗೆದುಕೊಂಡವಳು. ಪೀಪಾಯಿಯ ಬಿರಡೆ ಸಡಿಲವಾಗಿದೆ ಎಂದು ಯೆಟ್ಟಾಳಿಗೆ ಗೊತ್ತಿತ್ತು. ಗಾಡಿ ಕಲ್ಲಿಗೆ ಎಗರಿತು, ಬಿರಡೆ ಹಾರಿ ರೊಚ್ಚು ಅಗ್ನೆಸ್‌ಳ ಬಿಳಿ ಲಂಗಕ್ಕೆ ಚಿಮ್ಮಿತು. ಹುಡುಗಿ ಅಳಲಿಲ್ಲ, ತನ್ನ ಲಂಗ ನೋಡಿಕೊಂಡು, ಆಮೇಲೆ ದೊಡ್ಡಮ್ಮನ ಮುಖ ನೋಡಿದಳು. ಲುಯಿಸಾ ಸಾಲಿನಿಂದ ಹೊರಬಂದು ಮಗಳ ಕೈ ಹಿಡಿದು ಅದೇ ಲಂಗದಲ್ಲಿ ಮೆರವಣಿಗೆ ಮುಗಿಯುವವರೆಗೂ ನಡೆಸಿದಳು. ಅಪ್ಪ ಆ ದಿನ ಯೆಟ್ಟಾಳಿಗೆ ತನ್ನ ಕೈಯಾರೆ ದ್ರಾಕ್ಷಾರಸ ಬಗ್ಗಿಸಿ ಕೊಟ್ಟ. ಅವಳು ಕುಡಿದಳು. ಆ ಲೋಟವನ್ನು ಅವನ ಮುಖಕ್ಕೆ ಎರಚಲಿಲ್ಲವಲ್ಲ ಎಂದು ಆಮೇಲೆ ವರ್ಷಗಟ್ಟಲೆ ಹಲ್ಲು ಕಡಿದಳು. ಲೆಕ್ಕ ಹಾಕಿದರೆ ಈ ಮೂರು ಹಾಸುಬಟ್ಟೆ ಅದಕ್ಕೇ ಇರಬಹುದು. ಹತ್ತು ವರ್ಷ ಕಾದು, ಮುದುಕಿ ಸಾಯುವುದನ್ನು ಕಾದು, ತನ್ನ ಕೈಯಾರೆ ಕೊಟ್ಟ ಉತ್ತರ. ಹಾಗಾದರೆ ತಗೋ.

ಅವಳು ಕರಿ ಉಡುಪಿನಲ್ಲೇ ಹಿತ್ತಿಲಿಗೆ ಹೋದಳು. ಉದ್ದ ಕೋಲಿನ ತಗಡಿನ ಮೊಗೆ ಗೊಬ್ಬರದ ಗುಂಡಿಯ ಪಕ್ಕದಲ್ಲೇ ಒರಗಿತ್ತು. ಅಪ್ಪ ಹಿಡಿದೂ ಹಿಡಿದೂ ಸವೆದ ಕೋಲು ಅವಳ ಕೈಗೆ ಸರಿಯಾಗಿ ಕೂತಿತು. ಶುಭ ಶುಕ್ರವಾರ ಕೆಲಸ ಮಾಡಬಾರದು. ಇದು ಕೆಲಸವಲ್ಲ ಎಂದುಕೊಂಡಳು. ಮೊಗೆ ತುಂಬಿ, ಚೆಲ್ಲದಂತೆ ಓಣಿ ದಾಟಿ, ಅವರ ಬೇಲಿಯ ಮುಂದೆ ನಿಂತಳು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಓಣಿ ದಾಟಿದ್ದು ಹೀಗೆ. ಹತ್ತಿರದಿಂದ ನೋಡಿದರೆ ನಡುವಿನ ಹಾಸುಬಟ್ಟೆಯಲ್ಲಿ ಕಂದು ಬಣ್ಣದ ಮಸುಕು ಕಲೆ ಇತ್ತು, ತೊಳೆದರೂ ಹೋಗದ್ದು. ಹೊಟ್ಟೆಕಿಚ್ಚು ತೀರಿಸಿಕೊಳ್ಳಲಿಕ್ಕೆ ಒಗೆದ ಬಟ್ಟೆ, ನೆಟ್ಟಗೆ ಒಗೆಯುವುದಕ್ಕೂ ಬಂದಿಲ್ಲ! ಆ ಯೋಚನೆ ಅವಳಿಗೆ ಖುಷಿ ಕೊಟ್ಟಿತು. ಬೀಸಿ ಎರಚಿದಳು. ಮೂರಕ್ಕೂ ತಾಗಿತು. ಬಿಳಿಯ ಮೇಲೆ ರೊಚ್ಚು ನಿಧಾನವಾಗಿ ಕೆಳಗಿಳಿಯುವುದನ್ನು ಅವಳು ನಿಂತು ನೋಡಿದಳು. ಒಳ್ಳೆಯದಾಯಿತು ಎನ್ನಿಸಿತು, ನಿಜವಾಗಿಯೂ ಒಳ್ಳೆಯದಾಯಿತು ಎನ್ನಿಸಿತು, ಅಪ್ಪ ಲೋಟಕ್ಕೆ ಬಗ್ಗಿಸುವ ಸದ್ದು ಕಿವಿಯಲ್ಲಿ ಕೇಳುವವರೆಗೆ.

ಬಾಗಿಲು ತೆಗೆದು ಲುಯಿಸಾ ಬಂದಳು. ಓಡಿ ಬರಲಿಲ್ಲ. ಹಾಸುಬಟ್ಟೆ ನೋಡಿದಳು, ಮೊಗೆ ನೋಡಿದಳು, ಯೆಟ್ಟಾಳ ಟೊಪ್ಪಿ ನೋಡಿದಳು. ಹತ್ತಿರದಿಂದ ಅವಳಿಗೆ ಅಮ್ಮನ ಮುಖ ಬಂದಿತ್ತು, ಕಣ್ಣು ಕೆಂಪಗೆ ಊದಿತ್ತು. ಯೆಟ್ಟಾ ಜಗಳಕ್ಕೆ ಸೆಟೆದು ನಿಂತಳು.

"ಚರ್ಚಿಂದ ನೇರ ಬಂದ್ರಾ?" ಎಂದಳು ಲುಯಿಸಾ. "ಪಾಸ್ಟರು ಇವತ್ತು ಇದನ್ನೇ ಹೇಳ್ಕೊಟ್ರಾ?"

"ಇವತ್ತೇ ಒಗೀಬೇಕಿತ್ತಾ? ವರ್ಷದಲ್ಲಿ ಬೇರೆ ದಿನ ಇರ್ಲಿಲ್ವಾ ನಿಂಗೆ? ನೀನಾದ್ರೂ, ಲುಯಿಸಾ, ನೀನಾದ್ರೂ..."

"ರಕ್ತ ಒಣಗಿದ್ರೆ ಹೋಗಲ್ಲ."

"ಏನು?"

"ರಕ್ತ. ಒಣಗಿದ್ರೆ ಹೋಗಲ್ಲ. ತಣ್ಣೀರಲ್ಲಿ ಕೂಡಲೇ ಒಗೀಬೇಕು. ಅಮ್ಮ ಹೇಳ್ಕೊಟ್ಟಿದ್ದು, ಮರೆತ್ರಾ?" ಲುಯಿಸಾಳ ದನಿ ಏರಲಿಲ್ಲ. "ಬೆಳಕು ಹರಿಯೋ ಹೊತ್ತಿಗೆ ವೆಂಡೆಲಿನ್ ಹೋದ್ರು. ಬಾಯಿ ತುಂಬ ರಕ್ತ ಬಂತು. ಒಂದು ಸಲ ಅಲ್ಲ. ಹಾಸಿದ್ದು ತೆಗೆದೆ, ಇನ್ನೊಂದು ಹಾಸಿದೆ, ಅದೂ ಆಯ್ತು."

ಯೆಟ್ಟಾ ಮೊಗೆಯ ಕೋಲನ್ನು ಇನ್ನೂ ಹಿಡಿದೇ ಇದ್ದಳು. "ಗಂಟೆ ಹೊಡೀಲಿಲ್ವಲ್ಲ," ಎಂದಳು. ಬಾಯಿಗೆ ಬಂದದ್ದು ಅದೊಂದೇ. ಈ ಊರಿನಲ್ಲಿ ಯಾರೇ ಸತ್ತರೂ, ಯಾವ ಕಡೆಯವರೇ ಆಗಲಿ, ಗಂಟೆ ಕೇಳಿಯೇ ಊರಿಗೆ ತಿಳಿಯುವುದು; ಗಂಟೆಯ ದನಿಯಿಂದಲೇ ಅವರವರೋ ನಮ್ಮವರೋ ಎಂದು ಹೇಳಬಹುದು.

"ಯಾವ ಗಂಟೆ ಹೊಡೀತಾರೆ? ನಮ್ಮ ಗಂಟೆ ಈಸ್ಟರ್‌ವರೆಗೆ ಬಾಯಿ ಬಿಡಲ್ಲ. ನಿಮ್ಮದು ನಮಗೆ ಹೊಡೆಯಲ್ಲ." ಲುಯಿಸಾ ಒಂದು ಕ್ಷಣ ನಗಲು ಹೊರಟಂತೆ ಕಂಡಳು. "ನಮ್ಮ ಕಡೆಯವರಿಗೆಲ್ಲ ಗೊತ್ತು. ಬಂದು ಹೋದ್ರು. ನಿಮಗೆ ಯಾರು ಹೇಳ್ತಾರೆ? ನಿಮ್ಮ ಜೊತೆ ಮಾತಾಡೋರು ಯಾರಿದಾರೆ ಈ ಕಡೆ?"

ಯೆಟ್ಟಾಳಿಗೆ ಸಿಟ್ಟು ಬಂತು. ಅದು ಅವಳಿಗೇ ಅಸಹ್ಯವೆನ್ನಿಸಿತು. ಅಳು ಬರಬೇಕಾದ ಜಾಗದಲ್ಲಿ ಸಿಟ್ಟು ಬಂತು: ಹೇಳದೆ ಸತ್ತ ವೆಂಡೆಲಿನ್ ಮೇಲೆ, ಮೂಕವಾದ ಅವರ ಗಂಟೆಗಳ ಮೇಲೆ, ಬೇಕೆಂದೇ ಉದ್ದಕ್ಕೆ ಬಾರಿಸಿದ ತಮ್ಮ ಗಂಟೆಯವನ ಮೇಲೆ. ಬಿಳಿ ಬಟ್ಟೆ ಕಂಡರೆ ಬಿಳಿ ಬಟ್ಟೆ ಎಂದು ತಿಳಿಯದ ಹಾಗೆ ಕಣ್ಣು ಕೆಡಿಸಿದ ಇಡೀ ಊರಿನ ಮೇಲೆ. ಬೇರೆ ಊರಲ್ಲಾಗಿದ್ದರೆ ಯಾರಾದರೂ ಏನೆನ್ನುತ್ತಿದ್ದರು? ಆ ಮನೆಯಲ್ಲಿ ಯಾರಿಗೋ ಹುಷಾರಿಲ್ಲವೇನೋ ಎನ್ನುತ್ತಿದ್ದರು. ಮೂರು ಹಾಸುಬಟ್ಟೆ ಒಟ್ಟಿಗೆ ಒಗೆದಿದ್ದಾರೆ, ಹೋಗಿ ನೋಡೋಣ ಎನ್ನುತ್ತಿದ್ದರು. ಇಲ್ಲಿ ಹಾಸಿಗೆಯ ಬಟ್ಟೆಗೂ ಒಂದು ಮತ. ಅಂದು ಗಾಡಿ ಹೊಡೆಸಿದವನು ಅಪ್ಪ ಎಂದು ಹತ್ತು ವರ್ಷ ಅವನ ತಲೆಗೆ ಕಟ್ಟಿದ್ದಳು. ಇವತ್ತು ಯಾರು ಹೊಡೆಸಿದರು? ಸತ್ತು ಮಣ್ಣಾದವನು ಎದ್ದು ಬಂದು ಕೈಗೆ ಕೋಲು ಕೊಟ್ಟನೇ?

"ನನ್ನ ಪೆಟ್ಟಿಗೇಲಿ ಹೊಸವು ಇವೆ," ಎಂದಳು. ಮದುವೆಗೆಂದು ಹೊಲಿದಿಟ್ಟು, ಒಂದು ಸಲವೂ ಬಿಚ್ಚದೆ ಹಳದಿಯಾದವು. "ತಂದುಕೊಡ್ತೀನಿ. ಎಲ್ಲಾನೂ ತಗೋ."

"ನಿಮ್ಮ ಪೆಟ್ಟಿಗೆಯದು ನಂಗೆ ಬೇಡ." ಲುಯಿಸಾ ತಂತಿಯಿಂದ ಚಿಮುಟಗಳನ್ನು ಒಂದೊಂದಾಗಿ ಕಿತ್ತಳು. ನಾರುವ ಹಾಸುಬಟ್ಟೆಗಳನ್ನು ಮುದ್ದೆ ಮಾಡಿ ಬೇಲಿಯ ಮೇಲಿಂದ ಅಕ್ಕನ ಎದೆಗೆ ಒತ್ತಿದಳು. "ಸಂಜೆಗೆ ಅಗ್ನೆಸ್ ಬರ್ತಾಳೆ, ಲುಡ್ವಿಗ್ಸ್‌ಹಾಫೆನ್‌ನಿಂದ. ಅಪ್ಪನ್ನ ನೋಡೋಕೆ. ಇದನ್ನೇ ಅವರ ಕೆಳಗೆ ಹಾಸ್ಬೇಕು. ಇವೇ ಬೇಕು ಅಂದಿದ್ರು. ಒಗೀರಿ."

ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ತನ್ನ ಅಂಗಳದ ಬಾವಿಯ ಪಕ್ಕದ ಕಲ್ಲಿನ ತೊಟ್ಟಿಗೆ ಯೆಟ್ಟಾ ನೀರು ಸೇದಿ ಹಾಕಿದಳು. ಮನೆಯೊಳಗೆ ಒಗೆಯಬಹುದಿತ್ತು, ನೆಲಮಾಳಿಗೆಯಲ್ಲಿ ಹಂಡೆ ಇತ್ತು, ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಆ ಯೋಚನೆ ಬಂದದ್ದಕ್ಕೇ ತನ್ನ ಮೇಲೆ ರೇಗಿ, ಓಣಿಯ ಕಡೆಯ ಗೇಟನ್ನು ಪೂರ್ತಿ ತೆರೆದಿಟ್ಟಳು. ಟೊಪ್ಪಿ ತೆಗೆದು ಬಾವಿಯ ಕಟ್ಟೆಗೆ ಎಸೆದಳು. ಕರಿ ತೋಳುಗಳನ್ನು ಮೊಣಕೈಗೆ ಮಡಚಿದಳು. ಏಪ್ರಿಲ್‌ನ ಬಾವಿನೀರು ಬೆರಳಿನ ಮೂಳೆಗೆ ಕಚ್ಚುತ್ತಿತ್ತು. ಮೊದಲು ನೀರು ಕಪ್ಪಾಯಿತು, ಚೆಲ್ಲಿದಳು. ಆಮೇಲೆ ಕಂದಾಯಿತು, ಚೆಲ್ಲಿದಳು. ಹಸಿರು ಸೋಪು ಹಚ್ಚಿ ಹಲಗೆಗೆ ಉಜ್ಜುವಾಗ ಅಂಚಿನಲ್ಲಿ ಕೆಂಪು ದಾರ ಬೆರಳಿಗೆ ತಗುಲಿತು. ಲುಯಿಸಾ ಗ್ರಾಫ್ ಎಂಬ ಹೆಸರಿನ ಎರಡು ಮೊದಲ ಅಕ್ಷರಗಳು, ಅಡ್ಡ ಹೊಲಿಗೆಯಲ್ಲಿ. ಎರಡನೆಯ ಅಕ್ಷರದ ಹೊಟ್ಟೆ ಸೊಟ್ಟಗಾಗಿತ್ತು. ಆ ಸೊಟ್ಟ ಅವಳದೇ. ದೀಪದ ಎಣ್ಣೆ ಮುಗಿಯುತ್ತಿದೆ ಬೇಗ ಮುಗಿಸು ಎಂದು ಅಮ್ಮ ಅವಸರಪಡಿಸಿದಾಗ ಅವಳು ಹೊಲಿದದ್ದು, ತಂಗಿಯ ಮದುವೆಯ ಬಟ್ಟೆಗೆ. ಮನೆ ಬಿಟ್ಟ ದಿನ ಲುಯಿಸಾ ಎತ್ತಿಕೊಂಡು ಹೋದದ್ದು ಈ ಮೂರು ಮಾತ್ರ. ಇಪ್ಪತ್ತು ವರ್ಷ ಇದರ ಮೇಲೆ ಮಲಗಿದ್ದರು ಇಬ್ಬರೂ. ಗೋಡೆಯ ಆಚೆಯ ವೆಂಡೆಲಿನ್ ಇವಳ ಸೊಟ್ಟ ಹೊಲಿಗೆಯ ಮೇಲೆ ತಲೆಯಿಟ್ಟು ನಿದ್ದೆ ಮಾಡಿದ್ದ, ಕೆಮ್ಮಿದ್ದ, ಇವೇ ಬೇಕೆಂದು ಕೇಳಿ ಸತ್ತಿದ್ದ. ದಾರಿಯಲ್ಲಿ ಎದುರಾದಾಗ ಅವನು ಪ್ರತಿ ಸಲವೂ ಟೊಪ್ಪಿ ಮುಟ್ಟಿ ನಮಸ್ಕಾರ ಹೇಳುತ್ತಿದ್ದ. ಅವಳು ಒಂದು ಸಲವೂ ತಿರುಗಿ ಹೇಳಿರಲಿಲ್ಲ. ಯೆಟ್ಟಾ ಕೆಂಪು ದಾರದ ಸುತ್ತಲೂ ಉಜ್ಜಿದಳು, ಗೆಣ್ಣು ಕಿತ್ತುಬರುವ ಹಾಗೆ ಉಜ್ಜಿದಳು. ರಕ್ತದ ಕಲೆ ಮಾತ್ರ ಹೋಗಲಿಲ್ಲ.

ಮೂರು ಗಂಟೆಗೆ ಇವರ ಗಂಟೆ ಮತ್ತೆ ಶುರುವಾಯಿತು. ಕ್ರಿಸ್ತ ಪ್ರಾಣ ಬಿಟ್ಟ ಹೊತ್ತು. ಆ ಹೊತ್ತಿಗೆ ಎರಡು ಕಡೆಯವರೂ ಚರ್ಚಿಗೆ ಹೊರಡುತ್ತಾರೆ, ಒಂದೇ ಓಣಿಯಲ್ಲಿ, ಒಬ್ಬರನ್ನೊಬ್ಬರು ನೋಡದೆ. ದೂರದಲ್ಲಿ ಅವರ ಗಿರಗಟೆ ಕಟಕಟ ಎನ್ನುತ್ತಿತ್ತು. ಅವಳು ನೀರಿನಿಂದ ಕೈ ತೆಗೆಯದೆ ಕೇಳಿಸಿಕೊಂಡಳು. ಹೊಡೀರಿ, ಚೆನ್ನಾಗಿ ಹೊಡೀರಿ. ಇವತ್ತು ಸತ್ತವನು ಒಬ್ಬನೇ ಎಂದು ಯಾರು ಹೇಳಿದ್ದು? ವೆಂಡೆಲಿನ್‌ಗೂ ಸೇರಿಸಿ ಹೊಡೀರಿ. ಎದುರು ಮನೆಯ ಕಿಟಕಿ ಮುಚ್ಚಿತ್ತು, ಅಲ್ಲಿಗೂ ಕೇಳುತ್ತಿರಬೇಕು.

ಗೇಟಿನ ಮುಂದೆ ಬಾಬೆಟ್ ನಿಂತಳು. ಹಿಂದೆ ಅವಳ ಗಂಡ, ಅವನ ಹಿಂದೆ ಇನ್ನೂ ಕೆಲವರು, ಎಲ್ಲರ ಕೈಯಲ್ಲೂ ಹಾಡಿನ ಪುಸ್ತಕ.

"ಏನೇ ಯೆಟ್ಟಾ, ತಲೆ ಕೆಟ್ಟಿದೆಯಾ ನಿಂಗೆ? ಇವತ್ತು ಯಾವ ದಿನ ಅಂತ ಗೊತ್ತಿದೆ ತಾನೆ?"

"ಗೊತ್ತು."

"ಗೊತ್ತಿದ್ದೂ ಒಗೀತಿದೀಯಾ? ಗೇಟ್ ಬೇರೆ ತೆಗೆದು! ನಿಮ್ಮಪ್ಪ ಇದ್ದಿದ್ರೆ..."

"ಅವನಿಲ್ಲ. ನಾನಿದೀನಿ."

"ಎದುರಿನವರು ನೋಡಿ ನಗ್ತಾರೆ ಕಣೇ!"

ಹೇಳಿಬಿಡಬಹುದಿತ್ತು. ಇದು ಸತ್ತವನ ಹಾಸಿಗೆಯದು, ಸತ್ತವನ ಕೆಳಗೆ ಹಾಸುವುದಕ್ಕೆ, ಎಂದು ಒಂದು ಮಾತು ಹೇಳಿದ್ದರೆ ಬಾಬೆಟ್ ಅಯ್ಯೋ ಪಾಪ ಎನ್ನುತ್ತಿದ್ದಳು, ಯೆಟ್ಟಾಳ ಒಳ್ಳೆಯತನ ಸಂಜೆಯೊಳಗೆ ಊರೆಲ್ಲ ಹಬ್ಬುತ್ತಿತ್ತು. ಲುಯಿಸಾಳ ಬಟ್ಟೆಗೆ ಆ ಹಗುರ ಮಾಫಿ ಸಿಕ್ಕುವುದು ಅವಳಿಗೆ ಬೇಡವಾಗಿತ್ತು. ಬೆಳಿಗ್ಗೆ ಆ ತಂತಿ ನೋಡಿ ಥೂ ಎಂದವರು ಈಗ ಈ ತಂತಿ ನೋಡಿಯೂ ಥೂ ಎನ್ನಲಿ. ಅವಳು ಮೊದಲನೆಯ ಹಾಸುಬಟ್ಟೆಯನ್ನು ನೀರು ಸುರಿಯುತ್ತಿದ್ದಂತೆಯೇ ತೊಟ್ಟಿಯಿಂದ ಎತ್ತಿದಳು. "ಬಟ್ಟೆ ಕೊಳೆಯಾಗಿತ್ತು ಬಾಬೆಟ್. ಒಗೀತಿದೀನಿ. ಕಣ್ಣು ಕಾಣಲ್ವಾ?" ಎಂದು ಕೂಗಿದಳು, ಇಡೀ ಓಣಿಗೆ ಕೇಳುವಷ್ಟು ಜೋರಾಗಿ. ತನ್ನ ದನಿ ಇಷ್ಟು ದೊಡ್ಡದೆಂದು ಅವಳಿಗೇ ಗೊತ್ತಿರಲಿಲ್ಲ.

ಅಷ್ಟರಲ್ಲಿ ಓಣಿಯ ಆ ಬದಿಯಲ್ಲಿ ಅವರ ಕಡೆಯವರೂ ಬಂದಿದ್ದರು. ಒಬ್ಬ "ನೋಡ್ರೋ, ಗ್ರಾಫ್ ಮನೇಲೂ ಒಗೀತಾರಂತೆ!" ಎಂದು ನಗಲು ಶುರು ಮಾಡಿದ. ಅವನ ಪಕ್ಕದವನು ಬಟ್ಟೆಯ ಕಲೆ ನೋಡಿ, ಎದುರು ಮನೆಯ ಖಾಲಿ ತಂತಿ ನೋಡಿ, ಅವನ ಮೊಣಕೈ ಹಿಡಿದು ಜಗ್ಗಿದ. ನಂತರ ತನ್ನ ಟೊಪ್ಪಿ ತೆಗೆದ. ಒಬ್ಬೊಬ್ಬರಾಗಿ ಉಳಿದವರೂ ತೆಗೆದರು. ಕ್ಯಾಥೊಲಿಕರು ಯಾಕೆ ತಲೆ ಬರಿದು ಮಾಡಿಕೊಂಡು ನಿಂತರೆಂದು ಇವರಿಗೆ ತಿಳಿಯಲಿಲ್ಲ, ತಿಳಿಯದೆ ಸಿಟ್ಟಾದರು. ಯೆಟ್ಟಾ ಯಾರ ಕಡೆಗೂ ನೋಡಲಿಲ್ಲ. ಅಷ್ಟು ದೊಡ್ಡ ನಾರುಬಟ್ಟೆ ನೀರು ಕುಡಿದು ಕರುವಿನಷ್ಟು ಭಾರವಾಗಿತ್ತು. ಒಂದು ತುದಿ ಕಂಕುಳಲ್ಲಿ ಇರುಕಿಕೊಂಡು ಇನ್ನೊಂದನ್ನು ಹಿಂಡಲು ಹೋದಳು, ಜಾರಿತು. ಮತ್ತೆ ಹಿಡಿದಳು, ಮತ್ತೆ ಜಾರಿ ಅಂಚು ನೆಲ ಮುಟ್ಟಿತು. ಒಬ್ಬರ ಕೈಯಿಂದ ಆಗುವ ಕೆಲಸವಲ್ಲ ಅದು. ಆಳಿಲ್ಲದ ಮನೆಯಲ್ಲಿ ಅವಳು ಹಾಸುಬಟ್ಟೆಗಳನ್ನು ಹಿಂಡದೆಯೇ ಒಣಹಾಕುತ್ತಿದ್ದಳು, ಅಷ್ಟು ವರ್ಷ. ಸಂಜೆಯೊಳಗೆ ಒಣಗಬೇಕಿತ್ತು ಇವು. ಅವಳಿಗೆ ಈಗ ಅಳು ಬಂತು, ಎಲ್ಲರ ಮುಂದೆ, ಸಿಟ್ಟಿನ ಅಳು.

ಎದುರು ಬಾಗಿಲು ತೆರೆಯಿತು. ಲುಯಿಸಾ ಎರಡು ಗುಂಪುಗಳ ನಡುವೆ ಓಣಿ ದಾಟಿ ಬಂದಳು. ಯಾರೂ ಅವಳಿಗೆ ದಾರಿ ಬಿಡಬೇಕಾಗಲಿಲ್ಲ. ನಡುವೆ ಜಾಗ ಮೊದಲೇ ಇತ್ತು. ಇಪ್ಪತ್ತು ವರ್ಷದ ನಂತರ ಗೇಟಿನ ಒಳಗೆ ಕಾಲಿಟ್ಟು, ನೆಲದ ಮೇಲೆ ಬಿದ್ದ ತುದಿಯನ್ನು ಎತ್ತಿ ಮುಷ್ಟಿಗೆ ಸುತ್ತಿಕೊಂಡಳು. ಇಬ್ಬರೂ ಹಿಂದೆ ಹಿಂದೆ ಸರಿದರು, ಬಟ್ಟೆ ಬಿಗಿಯಾಗುವವರೆಗೆ.

"ನಾನು ಮಾಫಿ ಮಾಡಿಲ್ಲ," ಎಂದಳು ಲುಯಿಸಾ. "ಇವತ್ತಿಂದೂ ಇಲ್ಲ, ಅಗ್ನೆಸ್ ಲಂಗದ್ದೂ ಇಲ್ಲ."

"ನಾನೂ ಮಾಡಿಲ್ಲ," ಎಂದಳು ಯೆಟ್ಟಾ. "ಅಪ್ಪನ್ನ ನನ್ನ ಒಬ್ಬಳ ತಲೆಗೆ ಕಟ್ಟಿ ಹೋದೆ. ಗಟ್ಟಿಯಾಗಿ ಹಿಡ್ಕೊ."

"ಹಿಡ್ಕೊಂಡಿದೀನಿ. ನೀನು ತಿರುಚು."

ಅವಳು ಒಂದು ಕಡೆಗೆ ತಿರುಚಿದಳು, ಇವಳು ಇನ್ನೊಂದು ಕಡೆಗೆ. ಬಟ್ಟೆ ಹಗ್ಗವಾಯಿತು, ನೀರು ಇಬ್ಬರ ಬೂಟಿನ ಮೇಲೂ ಸುರಿಯಿತು. ಇನ್ನೂ ಎರಡು ತೊಟ್ಟಿಯಲ್ಲಿದ್ದವು.